ಇತಿಹಾಸವನ್ನು ಉಸಿರಾಡಿ

ನಮ್ಮೂರು ಎರ್‌ಫುರ್ಟ್ ಹಿಂದೆ ಸಿರಿವಂತವಾದದ್ದು ನೀಲಿ ಬಣ್ಣ ಕೊಡುವ ಒಂದು ಎಲೆಯಿಂದ. ಆ ಎಲೆಯನ್ನು ಮೂತ್ರದಲ್ಲಿ ನೆನೆಸಿ ಕೊಳೆಸುತ್ತಿದ್ದರೆಂಬುದನ್ನು ಪ್ರವಾಸಿ ಪುಸ್ತಿಕೆಗಳು ನಾಚಿ ಬಿಟ್ಟುಬಿಡುತ್ತವೆ. ನಮ್ಮ ಮ್ಯೂಸಿಯಂ ನಿರ್ದೇಶಕ ಡಾ. ಲುಡೋಲ್ಫ್ ಬಿಡಲಿಲ್ಲ. ವರ್ಷಗಟ್ಟಲೆ ಹೆಣಗಿ ಆ ನಾತವನ್ನು ಮರುಹುಟ್ಟಿಸಿ, ಒಂದು ಕೋಣೆಗೆ ತುಂಬಿ, ಬಾಗಿಲಿಗೆ ‘ಇತಿಹಾಸವನ್ನು ಉಸಿರಾಡಿ’ ಎಂದು ಬರೆಸಿದರು. ಉಸಿರಾಡಿದವರು ಓಡಿದರು. ಟಿಕೆಟ್ ಕೊಡುವ ನನಗೆ ಆ ಮುಖಗಳೇ ಮನರಂಜನೆ.

ಕೊನೆಗೆ ನಗರಸಭೆ ರೇಗಿತು. ಸಂಸ್ಕೃತಿ ಸಮಿತಿಯ ಅಧ್ಯಕ್ಷೆ ಫ್ರೌ ಬ್ರೂನ್ಸ್ ಸ್ವತಃ ಬಂದು ಮೂಸುವುದೆಂದಾಯಿತು. ಮೆಚ್ಚದಿದ್ದರೆ ಕೋಣೆಗೆ ಬೀಗ, ಲುಡೋಲ್ಫರಿಗೆ ಮನೆಯ ದಾರಿ.

ಅವರು ಅತಿಥಿಯನ್ನು ಎದುರುಗೊಳ್ಳಲು ಹೋದ ಹೊತ್ತಿನಲ್ಲೇ, ಕೋಣೆ ಕಾಯುವ ಹೈಡ್ರುನ್ ಅಜ್ಜಿ ಕಿಟಕಿಗಳನ್ನು ಅಗಲವಾಗಿ ತೆರೆದರು. ಹಿಮ ಬೀಳುತ್ತಿದ್ದರೂ ದಿನಾ ಕಿಟಕಿ ತೆರೆದು ಮನೆಯ ಗಾಳಿ ಬದಲಿಸದಿದ್ದರೆ ನಮ್ಮವರಿಗೆ ಊಟ ಸೇರುವುದಿಲ್ಲ.

“ಅಜ್ಜೀ, ಏನ್ ಮಾಡ್ಬಿಟ್ರಿ! ಆ ನಾತಾನೇ ಪ್ರದರ್ಶನ ಕಣ್ರೀ!” ಎಂದು ನಾನು ಓಡಿಬಂದೆ.

“ಸುಮ್ನಿರೋ. ದೊಡ್ಡೋರು ಬರ್ತಿದಾರೆ, ಮನೆ ಹಿಂಗಾ ಇಟ್ಕೊಳೋದು? ಮರ್ಯಾದೆ ಬೇಡ್ವಾ?”

ಅಜ್ಜಿ ಕಿಟಕಿ ಮುಚ್ಚುವಷ್ಟರಲ್ಲಿ ನಾತ ಹೋಗಿತ್ತು. ಅದರ ಜಾಗಕ್ಕೆ, ಕೆಳಗೆ ಬೀದಿಯ ಗಾಡಿಯಲ್ಲಿ ಕೆಂಡದ ಮೇಲೆ ಚುರುಗುಟ್ಟುತ್ತಿದ್ದ ಮಾಂಸದ ಸಾಸೇಜಿನ ಹೊಗೆ ಬಂದು ಕೂತಿತ್ತು.

ಬಾಗಿಲು ತೆರೆಯಿತು. ಕರವಸ್ತ್ರ ಸಿದ್ಧವಾಗಿಟ್ಟುಕೊಂಡೇ ಬಂದ ಫ್ರೌ ಬ್ರೂನ್ಸ್ ಒಮ್ಮೆ ಮೂಸಿದರು. ಕರವಸ್ತ್ರ ಕೆಳಗಿಳಿಯಿತು. ಕಣ್ಣು ಸುಖದಿಂದ ಮುಚ್ಚಿತು.

“ಅಯ್ಯೋ, ಇದು ನಮ್ಮಜ್ಜನ ಹಿತ್ತಲೇ ಕಣ್ರೀ! ಎಷ್ಟು ಹಳೇದು ಡಾಕ್ಟ್ರೇ ಈ ವಾಸನೆ?”

ಲುಡೋಲ್ಫ್ ಮೂಸಿದರು. ಕಿಟಕಿ ನೋಡಿದರು, ಅಜ್ಜಿಯನ್ನು ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಗದ್ದ ಮೇಲಕ್ಕೆತ್ತಿ, ನಾನು ಊಟದ ಬಿಡುವಿನಲ್ಲಿ ಅನುಕರಿಸುವ ಅದೇ ಮೂಗುಸ್ವರದಲ್ಲಿ, “ಮಧ್ಯಯುಗದ್ದು, ಮೇಡಂ,” ಎಂದರು.

“ನಂಗ್ಯಾಕೋ ಹಸಿವಾಗ್ತಿದೆ.”

“ಆಗಿನೋರ್ಗೂ ಆಗ್ತಿತ್ತು, ಮೇಡಂ.”

ಕೋಣೆ ಉಳಿಯಿತು. ಈಗ ಹೊರಗೆ ಸಾಲು ನಿಲ್ಲುತ್ತದೆ. ಅಸಲಿ ನಾತ ನೆಲಮಾಳಿಗೆಯ ಶೀಶೆಗಳಲ್ಲಿ, ಬಿರಡೆ ಬಿಗಿಸಿಕೊಂಡು ಇತಿಹಾಸ ಸೇರಿದೆ. ದಿನಾ ಬೆಳಿಗ್ಗೆ ಅಜ್ಜಿ ಸಕಲ ಗೌರವದಿಂದ ಕಿಟಕಿ ತೆರೆಯುತ್ತಾರೆ. ಆ ಹೊತ್ತಿಗೆ ಕೆಳಗೆ, ಗಾಡಿಯ ಮುಂದೆ, ಡಾ. ಲುಡೋಲ್ಫ್ ರಟ್ಟಿನ ಬೀಸಣಿಗೆಯಿಂದ ಹೊಗೆಯನ್ನು ಮೇಲಕ್ಕೆ ಬೀಸುತ್ತ ನಿಂತಿರುತ್ತಾರೆ.

“ಈರುಳ್ಳಿ ಹಾಕ್ಬೇಡಪ್ಪಾ,” ಎಂದು ಗಾಡಿಯವನನ್ನು ಗದರುತ್ತಾರೆ. “ಅದು ಇತಿಹಾಸಕ್ಕೆ ಅಪಚಾರ.”