ಬೀಗದ ಕೈಯ ಚಿತ್ರವಿದ್ದ ಚೌಕ

ಇದನ್ನು ಹೇಳುವ ಯೋಗ್ಯತೆ ನನಗೆ ಉಂಟೋ ಇಲ್ಲವೋ ಗೊತ್ತಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಇಂಜಿನಿಯರ್ ಅಲ್ಲ. ಮಣಿಪಾಲದ ಒಂದು ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್. ಉಡುಪಿಯಲ್ಲಿ ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿದೆ, ಆಮೇಲೆ ಸಂಜೆಯದೇ ಇನ್ನೊಂದು ಕ್ಲಾಸಿನಲ್ಲಿ ಲಿನಕ್ಸ್, ಅಂದರೆ ವಿಂಡೋಸ್‌ನ ಬದಲು ಕಂಪ್ಯೂಟರ್ ನಡೆಸುವ ತಂತ್ರಾಂಶ, ಕಲಿತೆ. ಕಲಿತದ್ದರಲ್ಲಿ ಎಷ್ಟು ಸರಿಯಾಗಿ ತಲೆಗೆ ಹೋಗಿದೆಯೋ ಎಂಬ ಸಂಶಯ ಈಗಲೂ ಉಂಟು. ಆದರೆ ಇದರಲ್ಲಿ ತಪ್ಪು ಮಾಡಿದವನು ನಾನು. ಬೇರೆಯವರು ಹೇಳುವುದಕ್ಕಿಂತ ನಾನೇ ಹೇಳುವುದು ಸರಿ ಎಂದು ಕಂಡಿತು.

ಲೊರ್ನಾ ಅವರಿಗೆ ಕಣ್ಣು ಕಾಣುವುದಿಲ್ಲ. ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ತಾಯಿ ಒಲಿಂಡಾ ಬಾಯಿಯ ಜೊತೆ ಇದ್ದಾರೆ. ಮಣಿಪಾಲದ ಒಂದು ಕಂಪೆನಿಯಲ್ಲಿ ಅವರಿಗೆ ಕೆಲಸ: ವಿದೇಶದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿದ್ದನ್ನು ಇಯರ್‌ಫೋನಿನಲ್ಲಿ ಕೇಳಿ ಟೈಪ್ ಮಾಡುವುದು. ಒಂದೂವರೆ ವರ್ಷದಿಂದ ಒಲಿಂಡಾ ಬಾಯಿ ಮಗಳ ಕೈ ಹಿಡಿದು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಸಂಜೆಯವರೆಗೆ ಆಫೀಸಿನ ಜಗಲಿಯಲ್ಲಿ ಕೂತು, ಮತ್ತೆ ಕರೆದುಕೊಂಡು ಬರುತ್ತಿದ್ದರು. ಅವರ ಮಂಡಿ ಎರಡೂ ಕೈಕೊಟ್ಟಿದ್ದವು. ಜೂನ್‌ನಲ್ಲಿ ಬಸ್ಸಿನ ಮೆಟ್ಟಿಲಲ್ಲಿ ತಾಯಿ, ಮಗಳು ಒಟ್ಟಿಗೆ ಬಿದ್ದ ಮೇಲೆ ಲೊರ್ನಾ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಕೇಳಿದರು. ಕಂಪೆನಿಯವರು ಒಂದು ಪರೀಕ್ಷೆ ಇಟ್ಟರು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನೆಟ್‌ನಲ್ಲಿ ಮೂರು ಧ್ವನಿಮುದ್ರಣ ಬರುತ್ತವೆ, ಆ ಹೊತ್ತಿಗೆ ತೆಗೆದುಕೊಂಡು ಹನ್ನೆರಡರೊಳಗೆ ಟೈಪ್ ಮಾಡಿ ಕಳಿಸಬೇಕು. ಆಗದಿದ್ದರೆ ಮತ್ತೆ ಬಸ್ಸೇ.

ಮಣಿಪಾಲದಲ್ಲಿ ನನಗೆ ಅವರ ಪರಿಚಯವಾಗಿತ್ತು, ಅವರಿಗೆ ಹಳೆಯ ಲ್ಯಾಪ್‌ಟಾಪ್ ಒಂದನ್ನು ಸರಿ ಮಾಡಿ ಕೊಟ್ಟವನು ನಾನು. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಲಿನಕ್ಸ್‌ನಲ್ಲಿ ಬಿಟ್ಟಿ ಸಿಗುತ್ತದೆ, ಅದಕ್ಕೆ ಉಬುಂಟು ಎಂಬ ಲಿನಕ್ಸ್ ಹಾಕಿದ್ದೆ. ಆನ್ ಮಾಡಿದರೆ ನೆಟ್ ತನ್ನಷ್ಟಕ್ಕೇ ಬರುತ್ತಿತ್ತು. ಅದು 2009ರ ಮಾತು.

ಪರೀಕ್ಷೆಯ ಹಿಂದಿನ ದಿನ, ಭಾನುವಾರ, ನಾನು ನನ್ನ ಊರು ಕಾಪುವಿನಿಂದ ಅವರ ಮನೆಗೆ ಹೋಗಿ ಬಾಕಿ ಇದ್ದ ಅಪ್‌ಡೇಟ್ ಎಲ್ಲ ಹಾಕಿದೆ. "ಓಡುವ ಬಂಡಿಗೆ ಯಾಕೆ ಕೈ ಹಾಕ್ತೀರಿ ಶೀನಣ್ಣ?" ಎಂದು ಲೊರ್ನಾ ಕೇಳಿದರು. ಅಪ್‌ಡೇಟ್ ಬಿಡಬಾರದು ಎಂದು ಕ್ಲಾಸಿನಲ್ಲಿ ಮೇಸ್ಟ್ರು ಹೇಳಿದ್ದರು, ನಾನು ಹಾಗೇ ನಡೆದೆ. ಮುಗಿದ ಮೇಲೆ ಒಂದು ಚೌಕ ಬಂದು, ಉಳಿಸಿಟ್ಟ ನೆಟ್‌ನ ಪಾಸ್‌ವರ್ಡನ್ನು ಬೀಗ ಹಾಕಿ ಇಡಲು ಇನ್ನೊಂದು ಹೊಸ ಪಾಸ್‌ವರ್ಡ್ ಕೇಳಿತು. ಖಾಲಿ ಬಿಡಬಹುದಿತ್ತು. ಬಿಟ್ಟರೆ ಸುರಕ್ಷಿತವಲ್ಲ ಎಂದು ಬರೆದಿತ್ತು, ಹೆದರಿ ಒಂದು ಕೊಟ್ಟೆ. ಅದನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಅಡಿಗೆ ಅಂಟಿಸಿದೆ. ನೆಟ್ ಬರುತ್ತಿತ್ತು. ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಬೇಕಿತ್ತು. ಬಸ್ಸು ತಪ್ಪುತ್ತದೆಂದು ಓಡಿದೆ.

ಸೋಮವಾರ ಎಂಟು ಇಪ್ಪತ್ತಕ್ಕೆ ಕಾಪು ಬಸ್ ಸ್ಟ್ಯಾಂಡಿನಲ್ಲಿ ನನ್ನ ಮೊಬೈಲ್ ಹೊಡೆದುಕೊಂಡಿತು.

"ಶೀನಣ್ಣ, ನೆಟ್ ಇಲ್ಲ."

"ಲ್ಯಾಪ್‌ಟಾಪ್ ಎಂತ ಹೇಳ್ತದೆ?"

"ಮೊದಲು ವೆಲ್ಕಂ ಹೇಳಿತು. ಆಮೇಲೆ ಬಾಯಿ ಮುಚ್ಚಿದೆ. ಎಂತ ಒತ್ತಿದರೂ ಮಾತಿಲ್ಲ."

ಪಡುಬಿದ್ರಿಯ ದಾರಿಯಾಗಿ ಹೋದರೂ ಒಂಬತ್ತರೊಳಗೆ ಕುಕ್ಕುಂದೂರು ಮುಟ್ಟುವ ಹಾಗಿರಲಿಲ್ಲ. ಮೋಡೆಮ್ಮಿನ ದೀಪ ನೋಡಲು ಹೇಳಿದೆ. ಒಲಿಂಡಾ ಬಾಯಿ ನೋಡಿ, ನಾಲ್ಕೂ ಹಸಿರು ಉರಿಯುತ್ತಿವೆ ಎಂದರು. ಹಾಗಾದರೆ ತೊಂದರೆ ಲ್ಯಾಪ್‌ಟಾಪಿನದ್ದೇ. ಓದುವ ತಂತ್ರಾಂಶವನ್ನು ಮತ್ತೆ ಎಬ್ಬಿಸಲು ಯಾವ ಕೀಲಿ ಒತ್ತಬೇಕು, ಯಾವ ಆಜ್ಞೆ ಟೈಪ್ ಮಾಡಬೇಕು ಎಂದು ಹೇಳಿಕೊಟ್ಟೆ. ಲೊರ್ನಾ ಟೈಪ್ ಮಾಡಿದರು. ಏನೂ ಇಲ್ಲ. ಆಫ್ ಮಾಡಿ ಆನ್ ಮಾಡಿದರು. ವೆಲ್ಕಂ, ಮತ್ತೆ ಮೌನ. ಇನ್ನೊಮ್ಮೆ ಮಾಡಿಸಿದೆ. ಅದೇ. ಗಂಟೆ ಎಂಟು ನಲವತ್ತು. ಅಪ್‌ಡೇಟಿನಲ್ಲಿ ಎಲ್ಲ ಹಾಳು ಮಾಡಿದೆ, ಈ ತಾಯಿ ಮಗಳನ್ನು ಮತ್ತೆ ಬಸ್ಸಿಗೆ ಹತ್ತಿಸಿದವನು ನಾನೇ ಎಂದುಕೊಂಡೆ.

ಆಗ ಹಿಂದಿನಿಂದ ಒಲಿಂಡಾ ಬಾಯಿಯ ಸ್ವರ ಕೇಳಿತು. "ಆ ಬೀಗದ ಕೈ ಇನ್ನೂ ಹೋಗಲಿಲ್ವಾ?"

"ಯಾವ ಬೀಗದ ಕೈ, ಬಾಯಿ?" ನಾನು ಫೋನಿನಲ್ಲಿ ಕೂಗಿದೆ. ಪಕ್ಕದ ಹೂವಿನ ಹೆಂಗಸು ತಿರುಗಿ ನೋಡಿದಳು.

ಒಲಿಂಡಾ ಬಾಯಿ ರಿಸೀವರ್ ತೆಗೆದುಕೊಂಡರು. "ನಡುವೆ ಒಂದು ಚೌಕ ಬಂದು ಕೂತಿದೆ ಮಾರಾಯ್ರೆ. ಅದರಲ್ಲಿ ಬೀಗದ ಕೈಯ ಚಿತ್ರ ಉಂಟು. ಇವಳು ಒತ್ತಿದ ಹಾಗೆ ಚುಕ್ಕಿ ಚುಕ್ಕಿ ಬೀಳ್ತದೆ."

"ಮಾಂಯ್, ಹೇಳಬಾರದಿತ್ತಾ?" ಲೊರ್ನಾ ತಾಯಿಯನ್ನು ಗದರಿಸಿದ್ದು ಕೇಳಿಸಿತು.

"ಕಲಿತವರು ಇಬ್ಬರೂ ಮಾತಾಡ್ತಾ ಇದ್ದೀರಿ. ನನ್ನನ್ನು ಯಾರು ಕೇಳಿದ್ದು?"

ನಿಜ. ಆ ಮನೆಯಲ್ಲಿ ಕಣ್ಣು ಕಾಣುವವರು ಅವರೊಬ್ಬರೇ. ಇಪ್ಪತ್ತು ನಿಮಿಷ ನಾನು ಅವರನ್ನು ದೀಪ ಎಣಿಸಲು ಮಾತ್ರ ಕರೆದಿದ್ದೆ. ನಾನು ಹೇಳಿದ ಆಜ್ಞೆಗಳೆಲ್ಲ ಆ ಚೌಕದೊಳಗೆ ತಪ್ಪು ಪಾಸ್‌ವರ್ಡ್ ಆಗಿ ಬೀಳುತ್ತಿದ್ದವು.

"ನಿನ್ನೆ ನಾನು ಕೊಟ್ಟ ಪಾಸ್‌ವರ್ಡ್ ಕೇಳ್ತಾ ಉಂಟು. ಲ್ಯಾಪ್‌ಟಾಪಿನ ಅಡಿಯಲ್ಲಿ ಚೀಟಿ ಅಂಟಿಸಿದ್ದೇನೆ" ಎಂದೆ.

ಒಲಿಂಡಾ ಬಾಯಿ ಅದನ್ನು ಮಗಳಿಗೆ ಹೇಳಿದರು. ಲೊರ್ನಾ ಜೋರಾಗಿ ನಕ್ಕರು. "ಯಾರಿಗೆ ಓದಲಿಕ್ಕೆ ಶೀನಣ್ಣ? ಲ್ಯಾಪ್‌ಟಾಪಿಗಾ?"

ಒಲಿಂಡಾ ಬಾಯಿ ಚೀಟಿ ಕಿತ್ತು ತೆಗೆದರು. ಇಂಗ್ಲಿಷ್ ಅಕ್ಷರ ಅವರಿಗೆ ಬರುವುದಿಲ್ಲ, ಅಂಕೆ ಬರುತ್ತದೆ. ಅಕ್ಷರ ನನಗೆ ನೆನಪಿತ್ತು, ಅಂಕೆಗಳ ಸಾಲು ಗಾಬರಿಯಲ್ಲಿ ಮರೆತಿತ್ತು. ನಾನು ಅಕ್ಷರ ಹೇಳಿದೆ, ಅವರು "ನಾಲ್ಕು, ಸೊನ್ನೆ, ಏಳು" ಎಂದು ಓದಿದರು, ಲೊರ್ನಾ ಟೈಪ್ ಮಾಡಿ ಎಂಟರ್ ಒತ್ತಿದರು.

"ಚೌಕ ಹೋಯಿತು" ಎಂದರು ಒಲಿಂಡಾ ಬಾಯಿ. ಅವರ ಮಾತಿನ ಹಿಂದೆಯೇ ಲ್ಯಾಪ್‌ಟಾಪಿನ ಒರಟು ಇಂಗ್ಲಿಷ್ ಸ್ವರ, ನೆಟ್ ಸಿಕ್ಕಿತೆಂದು ಹೇಳಿದ್ದು ಕೇಳಿತು. ಅಷ್ಟು ಇಂಪಾದ ಸ್ವರ ನಾನು ಕೇಳಿದ್ದಿಲ್ಲ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಗಂಟೆ ಎಂಟು ಐವತ್ತೆರಡು.

ಲ್ಯಾಬಿಗೆ ರಜೆ ಹೇಳಿ ಮುಂದಿನ ಬಸ್ ಹತ್ತಿದೆ. ನಾನು ಮುಟ್ಟುವಾಗ ಒಳಗೆ ಟೈಪ್ ಮಾಡುವ ಸದ್ದು ಒಂದೇ ಸಮನೆ ನಡೆಯುತ್ತಿತ್ತು. ಒಲಿಂಡಾ ಬಾಯಿ ತುಟಿಗೆ ಬೆರಳಿಟ್ಟು ನನ್ನನ್ನು ಜಗಲಿಯಲ್ಲಿ ಕೂರಿಸಿ ಚಾ ಕೊಟ್ಟರು. ಹನ್ನೊಂದು ಮುಕ್ಕಾಲಿಗೆ ಲೊರ್ನಾ ಹೊರಗೆ ಬಂದು "ಮೂರೂ ಕಳಿಸಿ ಆಯ್ತು" ಎಂದರು. ಒಲಿಂಡಾ ಬಾಯಿ ಶಿಲುಬೆಯ ಗುರುತು ಹಾಕಿಕೊಂಡರು.

ಆಮೇಲೆ ನಾನು ನೆಟ್‌ನ ಸೆಟ್ಟಿಂಗ್ ತೆರೆದು, ಈ ಸಂಪರ್ಕ ಎಲ್ಲ ಬಳಕೆದಾರರಿಗೂ ಸಿಗಲಿ ಎಂಬ ಕಡೆ ಗುರುತು ಹಾಕಿದೆ. ಹಾಗೆ ಮಾಡಿದರೆ ಆ ಬೀಗ ತೆರೆಯಲು ಕಾಯದೆ, ಯಂತ್ರವೇ ನೆಟ್ ಹಿಡಿಯುತ್ತದೆ. ಮೂರು ಸಲ ಆಫ್ ಮಾಡಿ ಆನ್ ಮಾಡಿದೆ. ಮೂರು ಸಲವೂ ಚೌಕ ಬರಲಿಲ್ಲ, ಲೊರ್ನಾ ತಾವೇ ಮೇಲ್ ತೆರೆದು ಕೇಳಿಸಿಕೊಂಡರು. ನಾಲ್ಕನೆಯ ಸಲ ಮಾಡಲು ಹೋದಾಗ ಅವರು ನನ್ನ ಕೈ ತಡೆದರು. "ಸಾಕು ಶೀನಣ್ಣ, ಅದಕ್ಕೂ ತಲೆ ತಿರುಗ್ತದೆ."

ಹನ್ನೊಂದು ದಿನದ ಮೇಲೆ ಕಂಪೆನಿಯಿಂದ ಒಪ್ಪಿಗೆ ಬಂತು. ಒಲಿಂಡಾ ಬಾಯಿ ಈಗ ಮಣಿಪಾಲಕ್ಕೆ ಹೋಗುವುದು ಮಂಡಿ ತೋರಿಸಲಿಕ್ಕೆ ಮಾತ್ರ.

ಪರದೆಯಲ್ಲಿರುವುದನ್ನೆಲ್ಲ ಓದುವ ತಂತ್ರಾಂಶ ಆ ಒಂದು ಚೌಕವನ್ನು ಮಾತ್ರ ಯಾಕೆ ಓದಲಿಲ್ಲ? ಲ್ಯಾಬಿನ ಸರ್‌ಗಳನ್ನು ಕೇಳಿದೆ. ಒಬ್ಬರು ಒಂದು ಹೇಳಿದರು, ಇನ್ನೊಬ್ಬರು ಬೇರೆ ಹೇಳಿದರು. ನನಗೆ ಈಗಲೂ ಗೊತ್ತಿಲ್ಲ.