ಮಡಚದ ಚಕ್ರಗಳು

ಬಿಳಿ ಹೊಟ್ಟೆ, ಹಳದಿ ರೆಕ್ಕೆ, ಆಚೆ ದಡದ ಮರಗಳ ಮೇಲಿಂದ ಬಾಗಿ ಕೆರೆಯ ಕಡೆಗೆ ಬರುತ್ತಿದೆ, ಎಷ್ಟು ಚೆಂದ, ಎಂದುಕೊಂಡು ಫೋನು ಎತ್ತಿ ಹಿಡಿದವಳು ಥಟ್ಟನೆ ಇಳಿಸಿದಳು — ಚಕ್ರ, ಮೂರೂ ಚಕ್ರ ಕೆಳಗೆ ಜೋತಾಡುತ್ತಿವೆ, ಅಯ್ಯೋ ನೆಲದಿಂದ ಎದ್ದ ಮೇಲೆ ಇವರು ಮಡಚೇ ಇಲ್ಲ, ನೆಲಕ್ಕೂ ನೀರಿಗೂ ಇಳಿಯುವ ವಿಮಾನ, ನೆಲಕ್ಕಾದರೆ ಚಕ್ರ ಬೇಕು, ನೀರಿಗೆ ಇಳಿಯುವಾಗ ಅದು ಮೇಲಕ್ಕೆ ಮಡಚಿರಬೇಕು, ಇಲ್ಲದಿದ್ದರೆ ನೀರು ಚಕ್ರವನ್ನು ಹಿಡಿದು ಎಳೆಯುತ್ತದೆ, ಮೂಗು ಮುಳುಗಿ ವಿಮಾನ ಮಗುಚುತ್ತದೆ, ಬೆಲ್ಟು ಕಟ್ಟಿಕೊಂಡವರು ಕಟ್ಟಿಕೊಂಡಂತೆಯೇ ತಲೆಕೆಳಗಾಗಿ ನೀರೊಳಗೆ, ಹಾರಲು ಕಲಿಸಿದವನು ಮೊದಲ ದಿನವೇ ಹೇಳಿದ್ದ, ಗಂಡ ತಲೆಯಾಡಿಸಿದ್ದರು, ಹೆದರಿದ್ದು ಇವಳೊಬ್ಬಳೇ. ಅಂದಿನಿಂದ ಪ್ರತಿ ಸಲ ಪಕ್ಕದ ಸೀಟಿನಿಂದ ಇವಳದು ಅದೇ ಪ್ರಶ್ನೆ, ಚಕ್ರ ಮಡಚಿದ್ರಾ, ಮಡಚ್ತೀನಿ ಕಣೆ, ಹಾಡಿದ್ದೇ ಹಾಡೋ ಕಿಸಬಾಯಿ ದಾಸ ನೀನು, ಎಂದು ನಗುತ್ತಾ ಅವರ ಕೈ ಹಿಡಿಕೆಯ ಕಡೆ ಹೋಗುತ್ತಿತ್ತು, ಇವಳು ಕೇಳಿದ ಮೇಲೆಯೇ ಹೋಗುತ್ತಿತ್ತು, ಮೂವತ್ತು ವರ್ಷ ಊರವರ ಬಾಯೊಳಗೆ ಇಣುಕಿ ಹಲ್ಲು ಕಿತ್ತ ಡಾಕ್ಟರಿಗೆ ಕನ್ನಡಕ ಹಣೆಯ ಮೇಲಿದೆ ಎಂದೂ ಇವಳೇ ಹೇಳಬೇಕು. ಇವತ್ತು ಆ ಸೀಟಿನಲ್ಲಿ ತಂಗಿ. ಅಕ್ಕಾ, ಒಂದೇ ಒಂದು ರೌಂಡು ಕಣೇ, ಎಂದಿದ್ದಳು, ಹೋಗ್ಬಾ ಹೋಗು ಎಂದು ಅವಳ ಬೆಲ್ಟು ಬಿಗಿದವಳು ತಾನೇ, ಗಟ್ಟಿಯಾಗಿದೆಯೇ ಎಂದು ಎಳೆದೂ ನೋಡಿದಳು, ಆ ತಂಗಿಯೋ ಬಾಯಿ ಬಿಟ್ಟರೆ ಮುಚ್ಚುವವಳಲ್ಲ, ಭಾವ ಅದೇನು, ಭಾವ ಇದೇನು, ಉತ್ತರ ಹೇಳುತ್ತಾ ಹೇಳುತ್ತಾ ಇವರು —

ಫೋನು, ಆದರೆ ಇದು ಗಂಡನದೇ ಫೋನು, ಇಳಿಯೋದನ್ನ ಚೆನ್ನಾಗಿ ವಿಡಿಯೊ ಮಾಡು ಎಂದು ಕೊಟ್ಟು ಹೋದದ್ದು, ತಂಗಿಯ ನಂಬರು ಒತ್ತಿದಳು, ರಿಂಗಾಗುತ್ತಿದೆ, ಆ ಇಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು, ದಡದ ತುದಿಗೆ ಓಡಿ ಎರಡೂ ಕೈ ಬೀಸಿದಳು, ಬೇಡ, ಬೇಡ, ಮೇಲೆ ಹೋಗಿ, ಗಂಟಲು ಹರಿಯುವಂತೆ ಕೂಗಿದಳು, ಅಲ್ಲಿಂದಲೂ ಒಂದು ಕೈ ಹೊರಬಂತು, ತಂಗಿ, ಅವಳೂ ಸಂಭ್ರಮದಿಂದ ಬೀಸುತ್ತಿದ್ದಾಳೆ, ರೆಕ್ಕೆ ಅತ್ತಿತ್ತ ವಾಲಿತು, ಅದು ಗಂಡನ ಉತ್ತರ. ಬೀಸಿದರೆ ಖುಷಿಗೆ ಎಂದುಕೊಳ್ಳುತ್ತಾರೆ, ಕೈ ಇಳಿಸಿದರೆ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ, ಇಷ್ಟು ವರ್ಷ ಸಂಸಾರ ಮಾಡಿ ಬೇಡ ಎನ್ನುವುದಕ್ಕೆ ದೂರದಿಂದ ಕಾಣುವ ಒಂದು ಸನ್ನೆ ಮಾಡಿಕೊಳ್ಳಲಿಲ್ಲವಲ್ಲ, ಇಂಜಿನ್ನಿನ ಸದ್ದು ತಗ್ಗಿತು, ಈಗ ಮುಖಗಳೂ ಕಾಣುತ್ತಿವೆ, ಎರಡೂ ನಗುತ್ತಿವೆ, ಅಲೆಯಿಲ್ಲದ, ಕನ್ನಡಿಯಂಥ ನೀರು, ಚಕ್ರ ಮಡಚಿದ್ರಾ, ಪಕ್ಕದಲ್ಲಿ ಕೂತವರಿಗೆ ಕೇಳುವಷ್ಟೇ ಮೆಲ್ಲಗೆ ಅಂದಳು, ಚಕ್ರ ಮಡಚಿದ್ರಾ, ಮೇಲಿಂದ ಮೂರು ಚಕ್ರ, ನೀರೊಳಗಿಂದ ಎದ್ದು ಬರುವ ಮೂರು ಚಕ್ರ, ನಡುವೆ ಒಂದು ಮಾರು, ಒಂದು ಗೇಣು, ಚಕ್ರ —