ಅರ್ಧ ಸುತ್ತಿದ ಕಂಡಿಕೆ

ಬಲಗೈಯಲ್ಲಿ ರಾಟೆ ತಿರುಗಿಸುತ್ತ, ಎಡಗೈ ಬೆರಳ ಸಂದಿಯಿಂದ ರೇಷ್ಮೆಯ ಎಳೆ ಬಿಡುತ್ತಿದ್ದೆ. ಒಂದು ಕಂಡಿಕೆ ತುಂಬಿತು. ಇನ್ನೊಂದಕ್ಕೆಂದು ಬುಟ್ಟಿಯೊಳಗೆ ಕೈಯಾಡಿಸಿದರೆ, ಸಿಕ್ಕಿದ್ದು ಖಾಲಿಯಾಗಿರಲಿಲ್ಲ. ಅರ್ಧದವರೆಗೆ ಅರಿಶಿನ ಬಣ್ಣದ ನೂಲು ಸುತ್ತಿತ್ತು. ಅದನ್ನು ಮತ್ತೆ ಬುಟ್ಟಿಯ ತಳಕ್ಕಿಟ್ಟು ಬೇರೆಯದನ್ನು ತೆಗೆದುಕೊಂಡೆ.

ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯಲ್ಲಿ ಕೂರುವ ಬೆರಳುದ್ದದ ಕೊಳವೆ. ನನ್ನ ಮಗ ದೇವಣ್ಣ ಒಳಗೆ ಮಗ್ಗದಲ್ಲಿ ಸೀರೆ ನೇಯುತ್ತಾನೆ. ಅವನಿಗೆ ಕಂಡಿಕೆ ಸುತ್ತಿಕೊಡುವುದು ನನ್ನ ಕೆಲಸ. ಈ ಮನೆಯ ಕಂಡಿಕೆಗಳನ್ನೆಲ್ಲ ನಾನೇ ಸುತ್ತುವುದು. ಆ ಅರ್ಧದ್ದೊಂದು ಮಾತ್ರ ಚೋಕಿ ಸುತ್ತಿದ್ದು.

ಪಡಸಾಲೆಯ ಮೂಲೆಯಲ್ಲಿ ಮೊಮ್ಮಗಳು ಶ್ವೇತಾ ಮೊಬೈಲನ್ನು ಬಾಯಿಗೆ ಹತ್ತಿರ ಹಿಡಿದು ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು. ದಿನವೂ ಹೀಗೆಯೇ. ಭೂತಾನದಲ್ಲಿ ಚೋಕಿಯ ತಮ್ಮ ಅದನ್ನು ಕೇಳಿಸಿಕೊಂಡು ತಾಯಿಗೆ ಅವರ ಮಾತಿನಲ್ಲಿ ಹೇಳುತ್ತಾನಂತೆ.

"ಇವತ್ತೇನಂದೆ?" ಎಂದು ಕೇಳಿದೆ.

"ಹೊಗೇನಕಲ್ ತಾವ ತೆಪ್ಪದೋರು ಇನ್ನೂ ಹುಡುಕ್ತಾವ್ರೆ ಅಂದೆ."

"ಹುಡುಕ್ತಾವ್ರಾ?"

"ಅಜ್ಜಿ, ಸುಮ್ಕಿರು."

ಹುಡುಕುವುದನ್ನು ನಿಲ್ಲಿಸಿ ಎಷ್ಟೋ ದಿನವಾಗಿತ್ತು. ಅದು ಅವಳಿಗೂ ಗೊತ್ತು.

ಶ್ವೇತಾ ಮೈಸೂರಿನ ಕಾಲೇಜಿನಲ್ಲಿ ಓದುತ್ತಿದ್ದಳು. ಹಾಸ್ಟೆಲಿನಲ್ಲಿ ಚೋಕಿ ಅವಳ ಕೋಣೆಯವಳು. ಅಷ್ಟು ದೂರದಿಂದ ಓದಲು ಬಂದವಳು ಅರಮನೆ, ಚಾಮುಂಡಿಬೆಟ್ಟ ಬಿಟ್ಟು ಇನ್ನೇನೂ ನೋಡಿಲ್ಲವೆಂದು, ಒಂದು ಶನಿವಾರ ಭಾನುವಾರಕ್ಕೆ ಶ್ವೇತಾ ಅವಳನ್ನು ಕೊಳ್ಳೇಗಾಲಕ್ಕೆ ಕರೆತಂದಳು. ಜೊತೆಗೆ ಇನ್ನಿಬ್ಬರು ಗೆಳತಿಯರು. ಮೊದಲ ದಿನ ಭರಚುಕ್ಕಿ, ಮಾರನೆಯ ದಿನ ಒಡೆಯರಪಾಳ್ಯದ ಟಿಬೆಟಿನವರ ಗುಡಿ ಎಂದು ಗೊತ್ತುಮಾಡಿಕೊಂಡಿದ್ದರು.

"ಏನವ್ವ ನಿನ್ ಹೆಸ್ರು, ಚಾಕಿ ಹುಳನಾ?" ಎಂದು ದೇವಣ್ಣ ಊಟಕ್ಕೆ ಕೂತವಳನ್ನು ರೇಗಿಸಿದ. ಮೊಟ್ಟೆಯೊಡೆದು ಆಗತಾನೆ ಹೊರಬಂದ ರೇಷ್ಮೆ ಹುಳುವನ್ನು ನಮ್ಮ ಕಡೆ ಚಾಕಿ ಎನ್ನುತ್ತಾರೆ. ಶ್ವೇತಾ ಅದನ್ನು ಬಿಡಿಸಿ ಹೇಳಿದಾಗ ಆ ಹುಡುಗಿ ನಕ್ಕು, ತಟ್ಟೆ ಮುಂದೆ ಹಿಡಿದು, "ಹೌದು ಅಂಕಲ್, ಹುಳ. ಇನ್ನೂ ಸೊಪ್ಪು ಹಾಕಿ" ಎಂದಳು. ಮೈಸೂರಿನಲ್ಲಿ ಕಲಿತ ಕನ್ನಡ ಅಷ್ಟು ಚೆನ್ನಾಗಿತ್ತು. ನಾನು ಬಸ್ಸಾರಿನ ಸೊಪ್ಪನ್ನೇ ಬಡಿಸಿದೆ.

ಕೈ ತೊಳೆದು ಬಂದವಳು ನನ್ನ ರಾಟೆಯ ಮುಂದೆ ಕೂತಳು. ಎಳೆ ಹಿಡಿದ ರೀತಿಯಲ್ಲೇ ಗೊತ್ತಾಯಿತು, ಇವಳು ನೂಲಿನ ಮನೆಯವಳು ಎಂದು.

"ನಮ್ಮಮ್ಮ ಸೊಂಟಕ್ಕೆ ಮಗ್ಗ ಕಟ್ಟಿಕೊಂಡು ನೆಲದ ಮೇಲೆ ಕೂತು ನೇಯ್ತಾರೆ ಅಜ್ಜಿ. ಅಮ್ಮ ಎದ್ದರೆ ಮಗ್ಗ ಬಿದ್ದುಹೋಗುತ್ತೆ."

"ಹಂಗಾರೆ ಎದ್ದೇಳೋದೆಂಗೆ?"

"ಏಳಲ್ಲ. ನಾವೇ ಟೀ ಕೊಡಬೇಕು."

ಅರ್ಧ ಸುತ್ತುವಷ್ಟರಲ್ಲಿ ಬೀದಿಯಲ್ಲಿ ಆಟೋ ಬಂತು. "ಬಂದು ಮುಗಿಸ್ತೀನಿ ಅಜ್ಜಿ, ನೀವು ಮುಟ್ಟಬೇಡಿ" ಎಂದು ಕಂಡಿಕೆಯನ್ನು ಬುಟ್ಟಿಗಿಟ್ಟಳು. ಮಾರನೆಯ ದಿನ ಗುಡಿಯಲ್ಲಿ ಅರ್ಪಿಸಬೇಕೆಂದು ಅವಳ ತಾಯಿ ಕೊಟ್ಟಿದ್ದ ಬಿಳಿ ರೇಷ್ಮೆಯ ವಸ್ತ್ರವೊಂದು ಚೀಲದಲ್ಲಿತ್ತು. ನೀರಿನ ಹತ್ತಿರ ಒದ್ದೆಯಾದೀತೆಂದು ಅದನ್ನು ತೆಗೆದು ಮಗ್ಗದ ಕಂಬಕ್ಕೆ ನೇತುಹಾಕಿ ಹೋದಳು.

ಮೇಲೆಲ್ಲ ಮಳೆಯಾಗಿ ಭರಚುಕ್ಕಿಯಲ್ಲಿ ಹೊಳೆ ಕೆಂಪಗೆ ಬಂದಿತ್ತು. ಚೋಕಿ ಕಾಲಿಗೆ ಮೆತ್ತಿದ್ದ ಕೆಸರು ತೊಳೆಯಲೆಂದು ಬಂಡೆಯ ಮೇಲೆ ಬಗ್ಗಿದ್ದಳಂತೆ. ಶ್ವೇತಾ ಚೀಲ ಹಿಡಿದುಕೊಂಡು ಹಿಂದೆಯೇ ನಿಂತಿದ್ದಳು. ತಿರುಗಿ ನೋಡುವಷ್ಟರಲ್ಲಿ ಬಂಡೆ ಬರಿದಾಗಿತ್ತು. ಪೊಲೀಸರು ಬಂದರು, ತೆಪ್ಪದವರು ಬಂದರು, ಕಾಲೇಜಿನವರು ಬಂದರು. ಎರಡು ವಾರ ಹುಡುಕಿದರು. ಹೊಳೆ ಕೊಡಲಿಲ್ಲ. ಭೂತಾನಕ್ಕೆ, ನೀರಿನಲ್ಲಿ ಕಾಣೆಯಾಗಿದ್ದಾಳೆ ಎಂಬಷ್ಟೇ ಸುದ್ದಿ ಹೋಯಿತು. ಶ್ವೇತಾ ಮತ್ತೆ ಕಾಲೇಜಿಗೆ ಹೋಗಲಿಲ್ಲ.

ಹುಡುಕುವುದು ನಿಂತ ದಿನವೇ ನಾನು ಆ ತಾಯಿಗೆ ಕಾಗದ ಬರೆದೆ. ರಾತ್ರಿ ಶಾಲೆಯಲ್ಲಿ ಕಲಿತ ನನ್ನ ದಪ್ಪಕ್ಷರದಲ್ಲಿ ಒಂದೇ ಮಗ್ಗುಲು. 'ನಿಮ್ಮ ಮಗಳು ನಮ್ಮ ಮನೆಯಲ್ಲಿ ಊಟ ಮಾಡಿದಳು. ಸೊಪ್ಪು ಕೇಳಿ ಹಾಕಿಸಿಕೊಂಡಳು. ನಿಮ್ಮ ಮಗ್ಗದ ವಿಚಾರ ಹೇಳಿ ನಗುತ್ತ ಹೋದಳು. ಹೊಳೆ ಅವಳನ್ನು ತೆಗೆದುಕೊಂಡಿತು. ಅವಳು ಇನ್ನು ಬರುವುದಿಲ್ಲ ತಾಯಿ. ಅಳಬೇಕಾದ್ದನ್ನು ಅತ್ತುಬಿಡಿ.' ಲಕೋಟೆಯ ಮೇಲಿನ ವಿಳಾಸವನ್ನು ಶ್ವೇತಾ ಕೈಯಲ್ಲೇ ಬರೆಸಿದೆ. ಒಳಗೇನಿದೆಯೆಂದು ಅವಳು ಆಗ ಕೇಳಲಿಲ್ಲ.

ದೇವಣ್ಣ ಕೇಳಿದ. ಓದಿ ಹೇಳಿದೆ. ಅವನು ಲಕೋಟೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡ.

"ಬ್ಯಾಡ ಕಣವ್ವ. ಹೆಣ ಕಾಣ್ದೆ ಸತ್ತೋದ್ಲು ಅಂತ ಬರುದ್ರೆ ನಾವೇ ಕೊಂದಂಗಾಯ್ತದೆ. ಹನ್ನೆರಡು ವರ್ಸ ಕಾಯ್ಬೇಕು ಅಂತ ಇಲ್ವಾ? ಆ ತಾಯಿಗೆ ಕಾಯೋಕಾದ್ರೂ ಒಂದು ದಾರಿ ಇರ್ಲಿ."

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಬೀದಿಯ ಮುತ್ತಯ್ಯ ಹೊಳೆಯಲ್ಲಿ ಹೋದಾಗ ಹೆಣ ಸಿಗಲಿಲ್ಲ. ಅವನ ಹೆಂಡತಿ ಹನ್ನೆರಡು ವರ್ಷ ಕುಂಕುಮ ಇಟ್ಟುಕೊಂಡೇ ಇದ್ದಳು. ದಿನವೂ ಅವನ ತಟ್ಟೆಗೆ ಬಡಿಸುತ್ತಿದ್ದಳು. ಆಮೇಲಷ್ಟೇ ದರ್ಭೆಯಲ್ಲಿ ಅವನ ಆಕಾರ ಮಾಡಿ ಸುಟ್ಟರು. ಅಲ್ಲಿಯವರೆಗೆ ಸಾವು ಎಂಬ ಮಾತನ್ನು ಆ ಮನೆಯ ಮುಂದೆ ಯಾರೂ ಆಡಲಿಲ್ಲ. ಅದೇ ನಮ್ಮಲ್ಲಿ ದಯೆ. ಮಗನ ಮಾತಿಗೆ ನಾನು ಎದುರಾಡಲಿಲ್ಲ. ಕಾಗದ ದೇವರ ಪಟದ ಹಿಂದೆ ಕೂತಿತು. ಶ್ವೇತಾ ದಿನವೂ ಹುಡುಕುತ್ತಿದ್ದಾರೆ ಎಂದು ಹೇಳುತ್ತ ಹೋದಳು. ಆ ಕಡೆಯಿಂದ, ಅಮ್ಮ ಬಾಗಿಲು ಹಾಕುವುದನ್ನೇ ಬಿಟ್ಟಿದ್ದಾಳೆ, ಬೆಟ್ಟದ ಕಡೆ ನಿಂತು ಅಕ್ಕನ ಹೆಸರು ಹಿಡಿದು ಕರೆಯುತ್ತಾಳೆ ಎಂದು ತಮ್ಮ ಹೇಳಿದ.

ಮಗ್ಗದ ಕಂಬದಲ್ಲಿ ಬಿಳಿ ವಸ್ತ್ರ ನೇತಾಡುತ್ತಲೇ ಇತ್ತು. ದೇವರಿಗೆಂದು ತಂದದ್ದು ಮನೆಯಲ್ಲಿ ಉಳಿಯಬಾರದು. ಅರ್ಧದ ಕಂಡಿಕೆ ಮತ್ತೆ ಕೈಗೆ ಸಿಕ್ಕಿದ ಮಾರನೆಯ ದಿನ ಬೆಳಿಗ್ಗೆ, ವಸ್ತ್ರವನ್ನು ಮಡಿಸಿಕೊಂಡು ಬಸ್ಸು ಹತ್ತಿದೆ. ಯಾಕೋ ಪಟದ ಹಿಂದಿನ ಲಕೋಟೆಯನ್ನೂ ಚೀಲಕ್ಕೆ ಹಾಕಿಕೊಂಡೆ.

ಒಡೆಯರಪಾಳ್ಯದ ಸುತ್ತ ಜೋಳ ತೆನೆ ಬಿಟ್ಟಿತ್ತು. ಗುಡಿಯಲ್ಲಿ ನನ್ನ ಮಗನಿಗಿಂತ ತುಸು ಹಿರಿಯರಾದ ಸನ್ಯಾಸಿಯೊಬ್ಬರು ಜಪಮಣಿ ಹಿಡಿದು ಬಿಸಿಲಿಗೆ ಕೂತಿದ್ದರು. ಹಿಂದಿಯಲ್ಲಿ ಮಾತಾಡಬೇಕೇನೋ ಎಂದು ತಡವರಿಸಿದೆ.

"ಕನ್ನಡ್ದಲ್ಲೇ ಹೇಳಿ ಅಜ್ಜಿ. ಸಣ್ಣವನಿದ್ದಾಗಿಂದ ಇಲ್ಲೇ ಇವ್ನಿ" ಎಂದರು.

ವಸ್ತ್ರ ಕೊಟ್ಟು ಎಲ್ಲ ಹೇಳಿದೆ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು, "ಅವ್ರ ಮನೇಲಿ ವಾರದ ಪೂಜೆ ನಡೀತಾ ಅದಾ?" ಎಂದು ಕೇಳಿದರು.

"ಇಲ್ಲ ಸ್ವಾಮಿ. ಕಾಯ್ತಾ ಅವ್ರೆ."

ಮಣಿ ಎಣಿಸುತ್ತಿದ್ದ ಬೆರಳು ನಿಂತಿತು.

"ನಮ್ ಕಡೆ ಏಳು ವಾರ ಅಜ್ಜಿ. ಅಲ್ಲೀಗಂಟ ಆ ಜೀವಕ್ಕೆ ತಾನು ಸತ್ತಿರೋದೇ ಗೊತ್ತಾಗಲ್ಲ. ಮನೆ ಹತ್ರ ಬತ್ತದೆ. ಮಾತಾಡುಸ್ತದೆ. ಯಾಕೆ ಯಾರೂ ತಿರುಗಿ ಮಾತಾಡಲ್ಲ ಅಂತ ಅಳ್ತದೆ. ಮನೆಯೋರು ವಾರವಾರ ಊಟ ಇಟ್ಟು, ನೀನು ಸತ್ತಿದ್ದೀಯ ಕಣವ್ವ, ಹೆದರ್ಕಬೇಡ, ಮುಂದಕ್ಕೆ ಹೋಗು ಅಂತ ಹೇಳಿ ಕಳುಸ್ಬೇಕು."

"ತಾಯಿ ಬಾ ಬಾ ಅಂತ ಕರೀತಿದ್ರೆ?"

ಅವರು ನನ್ನ ಮುಖ ನೋಡಲಿಲ್ಲ. "ತಾಯಿ ದನಿ ಬಿಟ್ಟು ಎಲ್ಲಿಗೆ ಹೋದಾತು. ಅಲ್ಲೇ ಸುತ್ತುತಾ ಇರ್ತದೆ."

ಅವಳು ಹೋದ ದಿನ ಕೇಳಿದರು. ಹೇಳಿದೆ. ತುಟಿಯಲ್ಲೇ ಲೆಕ್ಕ ಹಾಕಿದರು.

"ಹೋದ ಶನಿವಾರಕ್ಕೆ ಮುಗೀತು."

ಹನ್ನೆರಡು ವರ್ಷದ ದಯೆಯನ್ನು ನಾವು ಆ ತಾಯಿಗೆ ಕೊಟ್ಟಿದ್ದೆವು. ಅವರಿಗೆ ಇದ್ದದ್ದು ಏಳು ವಾರ. ಅಂಗಳದಲ್ಲಿ ಕೂತುಬಿಟ್ಟೆ. ಸನ್ಯಾಸಿ ಒಳಗೆ ಹೋಗಿ ದೀಪ ಹಚ್ಚಿ ಬಂದು, "ನಾವಿಲ್ಲಿ ಹೇಳ್ತೀವಿ. ಆದ್ರೆ ಅವಳು ನಮ್ ದನಿ ಕೇಳಿದೋಳಲ್ಲ" ಎಂದರು.

ಕಾಗದ ತೆಗೆದು ಓದಿದೆ. ಅವರು ಅದರ ಹಿಂಬದಿಯಲ್ಲಿ ಅದೇ ಮಾತನ್ನು ತಮ್ಮ ಲಿಪಿಯಲ್ಲಿ ಬರೆದುಕೊಟ್ಟರು. ಆ ಊರಿನ ಗುಡಿಯವರು ಯಾರಾದರೂ ಓದಿ ಹೇಳುತ್ತಾರೆ ಎಂದರು. "ತಡ ಆದ್ರೂ ಕಳ್ಸಿ ಅಜ್ಜಿ" ಎಂದರು. ತಡವಾದದ್ದಕ್ಕೆ ಫಲವಿದೆಯೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮನೆಗೆ ಬಂದು ಕಾಲು ತೊಳೆದು ರಾಟೆಯ ಮುಂದೆ ಕೂತೆ. ಬುಟ್ಟಿಯ ತಳದಿಂದ ಆ ಕಂಡಿಕೆ ತೆಗೆದು, ಅವಳು ಬಿಟ್ಟಲ್ಲಿ ಎಳೆ ಕೂಡಿಸಿ, ತುದಿಯವರೆಗೂ ಸುತ್ತಿದೆ. ಶ್ವೇತಾ ಅಡುಗೆಮನೆಯಿಂದ ಬಂದು ನೋಡಿದಳು.

"ಅವ್ಳು ಮುಟ್ಬೇಡಿ ಅಂದಿದ್ಲು."

"ಬಂದು ಮುಗಿಸ್ತೀನಿ ಅಂತಾನೂ ಅಂದಿದ್ಲು ಕಣವ್ವ."

ಸನ್ಯಾಸಿ ಹೇಳಿದ್ದನ್ನೆಲ್ಲ, ಕಾಗದದಲ್ಲಿ ನಾನು ಬರೆದದ್ದನ್ನೂ ಅವಳಿಗೆ ಹೇಳಿದೆ. ಅವಳು ಗೋಡೆಗೊರಗಿ ಕೂತಳು. "ನೀನು ಆ ಕಾಗದ ಹಾಕುದ್ರೆ ಚೋಕಿ ಸತ್ತೋಯ್ತಾಳೆ ಅಜ್ಜಿ" ಎಂದಳು.

"ಹಾಕ್ದೆ ಇದ್ರೆ ಅವಳಿಗೆ ಸಾಯೋಕೂ ಆಯ್ತಾ ಇಲ್ಲ ಮಗಾ."

ಒಳಗೆ ಮಗ್ಗದ ಸದ್ದು ಯಾವಾಗಲೋ ನಿಂತಿತ್ತು. ದೇವಣ್ಣ ಹೊರಗೆ ಬರಲಿಲ್ಲ. ಬೇಡ ಎನ್ನಲೂ ಇಲ್ಲ. ಶ್ವೇತಾಳ ಮೊಬೈಲು ಚಾಪೆಯ ಮೇಲೆ ಗುರ್ರೆಂದಿತು. ಅದು ಭೂತಾನದಿಂದ ಕರೆ ಬರುವ ಹೊತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಅದು ಒಂದಷ್ಟು ಹೊತ್ತು ನಡುಗಿ ಸುಮ್ಮನಾಯಿತು. ಮತ್ತೆ ನಡುಗಿತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಅಂಚೆ ಕಚೇರಿಯಲ್ಲಿ ಬಾಗಿಲು ಹಾಕುವ ಹೊತ್ತು. ಕಿಟಕಿಯಲ್ಲಿದ್ದವನು ಲಕೋಟೆಯನ್ನು ತಿರುಗಿಸಿ ನೋಡಿದ.

"ಭೂತಾನಾ ಅಜ್ಜಿ? ಸಾದಾದಲ್ಲಿ ಹಾಕುದ್ರೆ ಬಾಳ ದಿನ ಆಯ್ತದೆ. ಅರ್ಜೆಂಟಾ?"

"ಅರ್ಜೆಂಟ್ ಇತ್ತು ಕಣಪ್ಪ" ಎಂದೆ.

ಅವನು ಮುದ್ರೆ ಒತ್ತಿ ಲಕೋಟೆಯನ್ನು ಹಿಂದಿನ ಚೀಲಕ್ಕೆ ಹಾಕಿದ.